ಪ್ಯಾಕೆಟ್ಟಿಗೆ ಗಡಿಯಾರ ಕಟ್ಟಿದವರು

ಮನೆಯಲ್ಲಿ ಹಳೆಯ ಟ್ರಾನ್ಸಿಸ್ಟರ್ ಇನ್ನೂ ಉಳಿದಿದ್ದರೆ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ವಾರ್ತೆಗೆ ಮುಂಚೆ ಆಕಾಶವಾಣಿಯಲ್ಲಿ ಬರುವ ‘ಪೀಪ್’ ಸದ್ದನ್ನು ಟ್ರಾನ್ಸಿಸ್ಟರಿನಲ್ಲಿ ಕೇಳಿ. ಪಕ್ಕದಲ್ಲೇ ಮೊಬೈಲಿನ ಆ್ಯಪ್‌ನಲ್ಲಿ ಅದೇ ನಿಲಯವನ್ನು ಹಾಕಿಡಿ. ಟ್ರಾನ್ಸಿಸ್ಟರು ವಾರ್ತೆ ಓದಲು ಶುರುಮಾಡಿದ ಮೇಲೂ ಮೊಬೈಲಿನ ಪೀಪ್ ಮುಗಿದಿರುವುದಿಲ್ಲ. ಎರಡು ಮೊಬೈಲುಗಳನ್ನು ಪಕ್ಕಪಕ್ಕ ಇಟ್ಟರೆ ಅವಕ್ಕೂ ಪರಸ್ಪರ ಹೊಂದಿಕೆಯಾಗುವುದು ಕಷ್ಟ. ರೇಡಿಯೋ ಅಲೆ ಮುನ್ನೂರು ಕಿಲೋಮೀಟರ್ ದಾಟಲು ಒಂದು ಮಿಲಿಸೆಕೆಂಡು ಸಾಕು. ಮೊಬೈಲಿಗೆ ಬರುವ ದನಿ ಹಾಗಲ್ಲ. ಅದನ್ನು ತುಂಡು ತುಂಡು ಮಾಡಿ, ಪ್ಯಾಕೆಟ್ಟುಗಳಲ್ಲಿ ತುಂಬಿ ಕಳಿಸುತ್ತಾರೆ. ಒಂದೊಂದು ಪ್ಯಾಕೆಟ್ಟೂ ದಾರಿಯ ಒಂದೊಂದು ಸ್ವಿಚ್ಚಿನಲ್ಲಿ ಸರದಿ ಕಾದು ಮುಂದಕ್ಕೆ ಹೋಗುತ್ತದೆ. ಮಾತು ಒಂದಕ್ಷರವೂ ಕೆಡದೆ ಬರುತ್ತದೆ. ಅದು ಹೊರಟ ಹೊತ್ತು ಮಾತ್ರ ದಾರಿಯಲ್ಲೆಲ್ಲೋ ಉದುರಿಹೋಗಿರುತ್ತದೆ.

ಉದುರಿದ ಆ ಹೊತ್ತನ್ನು ಇನ್ನೊಂದು ತುದಿಯಲ್ಲಿ ಕೂತು ಮತ್ತೆ ಹೆಕ್ಕಿ ತೆಗೆಯಲು ಸುಮಾರು ಐವತ್ತು ವರ್ಷ ನಡೆದ ಪ್ರಯತ್ನದ ಬಗ್ಗೆ ಇವತ್ತು ಮಾತಾಡಬೇಕೆಂದಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಟೆಲಿಫೋನಿನ ಹಳೆಯ ಎಂಜಿನಿಯರುಗಳು ಪುಕ್ಕಟೆಯಾಗಿ ಕೊಡುತ್ತಿದ್ದ ಒಂದು ವಸ್ತುವನ್ನು ಕಂಪ್ಯೂಟರ್ ಜಾಲದವರು ಬೇಡವೆಂದು ಕೈಬಿಟ್ಟರು. ಆಮೇಲೆ ಅದೇ ವಸ್ತು ಬೇಕಾಗಿ ಬಂದು, ಅಪಾರ ಜಾಣತನ ಖರ್ಚುಮಾಡಿ ಮತ್ತೆ ಕಟ್ಟಿಕೊಂಡರು. ಕಡೆಗೆ ಹಳಬರ ದಾರಿಗೇ ಅರ್ಧ ವಾಪಸಾದರು.

ಹಳಬರು ಕೊಡುತ್ತಿದ್ದದ್ದು ಗಡಿಯಾರದ ಮಿಡಿತ. ದನಿಯನ್ನು ಅಂಕಿಗಳಾಗಿ ಮಾಡಿ ಕಳಿಸುವ ಉಪಾಯವನ್ನು ಅಲೆಕ್ ರೀವ್ಸ್ ಎಂಬ ಇಂಗ್ಲಿಷ್ ಎಂಜಿನಿಯರ್ 1938ರಲ್ಲಿ, ಪ್ಯಾರಿಸ್ಸಿನಲ್ಲಿ ಕೆಲಸ ಮಾಡುತ್ತಿದ್ದಾಗ ಪೇಟೆಂಟ್ ಮಾಡಿಸಿದ. ಟ್ರಾನ್ಸಿಸ್ಟರ್ ಇಲ್ಲದ ಕಾಲದಲ್ಲಿ ಅದನ್ನು ಅಗ್ಗವಾಗಿ ಕಟ್ಟುವುದು ಸಾಧ್ಯವಿರಲಿಲ್ಲ. 1962ರಲ್ಲಿ ಅಮೆರಿಕದ ಬೆಲ್ ಕಂಪನಿ ಅದನ್ನು ನಿಜವಾದ ತಂತಿಗಳ ಮೇಲೆ ಓಡಿಸಿತು. ಲೆಕ್ಕ ಸರಳ. ದನಿಯನ್ನು ಸೆಕೆಂಡಿಗೆ 8000 ಸಲ ಅಳೆಯಬೇಕು, ಪ್ರತಿ ಅಳತೆಯನ್ನೂ 8 ಬಿಟ್ಟುಗಳಲ್ಲಿ ಬರೆಯಬೇಕು. ಅಂದರೆ ಪ್ರತಿ 125 ಮೈಕ್ರೋಸೆಕೆಂಡಿಗೆ ಒಂದು ಅಳತೆ. ಅಮೆರಿಕದವರು ಒಂದು ಲೈನಿನಲ್ಲಿ 24 ಮಾತುಕತೆಗಳನ್ನು ಹೆಣೆದರು. ಯೂರೋಪಿನವರು, ಅವರ ಬೆನ್ನಿಗೆ ನಾವು, 30 ಮಾತುಕತೆಗಳನ್ನು ಹೆಣೆದೆವು. ನಮ್ಮ ಆ ಲೈನಿಗೆ ಇ-1 ಎಂದು ಹೆಸರು. ಸೆಕೆಂಡಿಗೆ 20 ಲಕ್ಷದ 48 ಸಾವಿರ ಬಿಟ್ಟುಗಳು, ಒಂದು ಹೆಚ್ಚೂ ಇಲ್ಲ, ಒಂದು ಕಡಿಮೆಯೂ ಇಲ್ಲ.

ಈ ಲೈನಿನಲ್ಲಿ ಬರುವ ಪ್ರತಿ ಬಿಟ್ಟೂ ಒಂದು ಸುದ್ದಿ, ಜೊತೆಗೆ ಗಡಿಯಾರದ ಒಂದು ‘ಟಿಕ್’. ಆ ಕಡೆಯ ಯಂತ್ರ ಬರುತ್ತಿರುವ ಮಿಡಿತಗಳಿಗೆ ತನ್ನ ಗಡಿಯಾರವನ್ನು ಕೊಕ್ಕೆ ಹಾಕಿಕೊಂಡರೆ ಆಯಿತು. ಹಾಗೆ ಕೊಕ್ಕೆ ಹಾಕುವ ಸರ್ಕ್ಯೂಟಿಗೂ ರೇಡಿಯೋಗೂ ನಂಟಿದೆ. ‘ಫೇಸ್ ಲಾಕ್ಡ್ ಲೂಪ್’ ಎಂದು ಈಗ ನಾವು ಕರೆಯುವ ಅದನ್ನು ಆನ್ರಿ ದ ಬೆಲ್ಸಿಜ್ ಎಂಬ ಫ್ರೆಂಚ್ ಎಂಜಿನಿಯರ್ 1932ರಲ್ಲಿ ವಿವರಿಸಿದ್ದು ರೇಡಿಯೋ ಗ್ರಹಣವನ್ನು ಸುಧಾರಿಸಲೆಂದೇ.

ಒಂದು ತೊಡಕಿತ್ತು. ಲೈನಿನಲ್ಲಿ ‘ಒಂದು’ ಎಂದರೆ ವಿದ್ಯುತ್ತಿನ ಒಂದು ಪೆಟ್ಟು. ‘ಸೊನ್ನೆ’ ಎಂದರೆ ಏನೂ ಇಲ್ಲ. ಸಾಲಾಗಿ ಸೊನ್ನೆಗಳು ಬಂದರೆ ತಂತಿ ಮೌನವಾಗುತ್ತದೆ, ಆ ಕಡೆಯ ಗಡಿಯಾರಕ್ಕೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಇದಕ್ಕೆ ಕಂಡುಕೊಂಡ ಮದ್ದು ನನಗೆ ಬಹಳ ಇಷ್ಟ. ಪೆಟ್ಟುಗಳು ಒಂದು ಸಲ ಮೇಲಕ್ಕೆ, ಮುಂದಿನ ಸಲ ಕೆಳಕ್ಕೆ, ಹೀಗೆ ಬದಲಾಗುತ್ತಲೇ ಇರಬೇಕು ಎಂಬುದು ಲೈನಿನ ನಿಯಮ. ನಾಲ್ಕು ಸೊನ್ನೆಗಳು ಒಟ್ಟಿಗೆ ಬಂದರೆ ಕಳಿಸುವ ಯಂತ್ರ ಅವುಗಳ ಜಾಗದಲ್ಲಿ ಬೇಕೆಂದೇ ನಿಯಮ ಮುರಿದ ಒಂದು ಪೆಟ್ಟನ್ನು ಹಾಕುತ್ತದೆ. ಪಡೆಯುವ ಯಂತ್ರ ಆ ತಪ್ಪನ್ನು ಗುರುತಿಸಿ ‘ಇವು ಸೊನ್ನೆಗಳು’ ಎಂದು ತಿದ್ದಿ ಓದಿಕೊಳ್ಳುತ್ತದೆ. ಸುದ್ದಿಯೂ ಕೆಡಲಿಲ್ಲ, ಮಿಡಿತವೂ ನಿಲ್ಲಲಿಲ್ಲ. ಮಾತಾಡಲು ಏನೂ ಇಲ್ಲದಿದ್ದಾಗಲೂ ತಂತಿ ಮಿಡಿಯುತ್ತಲೇ ಇರಬೇಕು ಎಂಬುದು ಟೆಲಿಫೋನಿನವರ ಶ್ರದ್ಧೆಯಾಗಿತ್ತು.

ಶ್ರದ್ಧೆಗೆ ಕಾರಣವಿತ್ತು. ಎರಡು ಎಕ್ಸ್‌ಚೇಂಜುಗಳ ಗಡಿಯಾರಗಳ ನಡುವೆ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ, ವೇಗದ ಕಡೆಯಿಂದ ಬಂದ ಬಿಟ್ಟುಗಳು ನಿಧಾನದ ಕಡೆ ರಾಶಿ ಬೀಳುತ್ತವೆ. ರಾಶಿ ತುಂಬಿದಾಗ ಒಂದು ಕಂತನ್ನು ಎಸೆಯಲೇಬೇಕು. ಇದಕ್ಕೆ ‘ಸ್ಲಿಪ್’ ಎನ್ನುತ್ತಾರೆ. ಮಾತಾಡುವವರಿಗೆ ಸಣ್ಣದೊಂದು ‘ಟಕ್’ ಕೇಳಬಹುದು, ಅಷ್ಟೆ. ಫ್ಯಾಕ್ಸ್ ಕಳಿಸುವವರಿಗೆ ಒಂದೆರಡು ಸಾಲು ಹೋಗುತ್ತದೆ. ಗೂಢಲಿಪಿಯಲ್ಲಿ ಮಾತಾಡುವವರಿಗೆ ಇಡೀ ಸಂಪರ್ಕವೇ ತಪ್ಪಬಹುದು. ಹಾಗಾಗಿ ದೇಶದ ಜಾಲದ ನೆತ್ತಿಯಲ್ಲಿ ಸೀಸಿಯಂ ಪರಮಾಣು ಗಡಿಯಾರವನ್ನಿಟ್ಟು, ಅಲ್ಲಿಂದ ದೊಡ್ಡ ಎಕ್ಸ್‌ಚೇಂಜಿಗೆ, ಅಲ್ಲಿಂದ ಸಣ್ಣದಕ್ಕೆ, ಹೀಗೆ ಮಿಡಿತವನ್ನು ಇಳಿಸುವ ಏಣಿ ಕಟ್ಟಿದರು. ಅಮೆರಿಕದಲ್ಲಿ ಏಣಿಯ ಮೇಲಿನ ಮೆಟ್ಟಿಲು ಮಿಸೌರಿ ರಾಜ್ಯದ ಹಿಲ್ಸ್‌ಬರೋದಲ್ಲಿತ್ತು. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಇಂಥ ಗಡಿಯಾರ ಹತ್ತು ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತ ಹೆಚ್ಚು ತಪ್ಪುವಂತಿಲ್ಲ. ಅಂಥ ಎರಡು ಗಡಿಯಾರಗಳು ವಿರುದ್ಧ ದಿಕ್ಕಿಗೆ ತಪ್ಪಿದರೂ 72 ದಿನಕ್ಕೆ ಒಂದು ಸ್ಲಿಪ್. ಎರಡು ದೇಶಗಳ ನಡುವೆ ಅಷ್ಟನ್ನು ಸಹಿಸಿಕೊಳ್ಳೋಣ ಎಂದು ಒಪ್ಪಂದವಾಯಿತು.

ನಮ್ಮ ನಾಡಿಗೂ ಈ ಏಣಿ ಇಳಿದು ಬಂತು. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐ.ಟಿ.ಐ. ಕಾರ್ಖಾನೆ ದಶಕಗಳ ಕಾಲ ಗಡಗಡ ತಿರುಗುವ ಯಾಂತ್ರಿಕ ಎಕ್ಸ್‌ಚೇಂಜುಗಳನ್ನೇ ಮಾಡಿತ್ತು. 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿತು. ಅದರ 128 ಪೋರ್ಟಿನ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜು ಮೊದಲು ಕೂತದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಎ.ಸಿ. ಇಲ್ಲದ ಕೋಣೆಯಲ್ಲೂ ಬಿಸಿಲು ಧೂಳು ತಡೆದುಕೊಂಡು ನಡೆಯಲೆಂದು ಮಾಡಿದ ಪೆಟ್ಟಿಗೆ ಅದು. ಚೆನ್ನಮ್ಮನ ಊರಿಗೆ ಡಿಜಿಟಲ್ ದನಿ ಬಂದದ್ದು ದೆಹಲಿಗಿಂತ ತೀರಾ ತಡವಾಗಿಯೇನೂ ಅಲ್ಲ ಎಂಬುದನ್ನು ನಾವು ಆಗಾಗ ಮರೆಯುತ್ತೇವೆ.

ಈಗ ಲಂಡನ್ನಿನ ಹೊರವಲಯದ ಟೆಡಿಂಗ್ಟನ್ನಿಗೆ ಹೋಗೋಣ. ಅಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯವಿದೆ. 1955ರಲ್ಲಿ ಲೂಯಿಸ್ ಎಸ್ಸೆನ್, ಜ್ಯಾಕ್ ಪ್ಯಾರಿ ಇಬ್ಬರೂ ಸೇರಿ ನೆಚ್ಚಬಹುದಾದ ಮೊದಲ ಸೀಸಿಯಂ ಗಡಿಯಾರವನ್ನು ಕಟ್ಟಿದ್ದು ಅದೇ ಆವರಣದಲ್ಲಿ. ಹತ್ತು ವರ್ಷದ ನಂತರ ಅದೇ ಆವರಣದಲ್ಲಿ ಕೆಲಸ ಮಾಡುತ್ತಿದ್ದ ಡೊನಾಲ್ಡ್ ಡೇವಿಸ್, ಕಂಪ್ಯೂಟರುಗಳ ಮಾತನ್ನು ಸಣ್ಣ ಪ್ಯಾಕೆಟ್ಟುಗಳಾಗಿ ಮುರಿದು ಕಳಿಸಬೇಕೆಂಬ ಯೋಜನೆ ಬರೆದ. ಅಮೆರಿಕದಲ್ಲಿ ಪಾಲ್ ಬ್ಯಾರನ್ ಬೇರೆಯೇ ಕಾರಣಕ್ಕೆ, ಅಣುಯುದ್ಧವಾದರೂ ಸಾಯದ ಜಾಲ ಬೇಕೆಂದು, ಅದೇ ವಿಚಾರಕ್ಕೆ ಅದಕ್ಕೂ ಮುಂಚೆಯೇ ಬಂದಿದ್ದ. ಜಗತ್ತಿನ ಅತ್ಯಂತ ನಿಷ್ಠುರ ಗಡಿಯಾರವೂ, ಗಡಿಯಾರವನ್ನು ಲೆಕ್ಕಿಸದ ಜಾಲದ ಕಲ್ಪನೆಯೂ ಒಂದೇ ಕಾಂಪೌಂಡಿನಲ್ಲಿ ಬೆಳೆದವು.

ಡೇವಿಸನ ತರ್ಕದಲ್ಲಿ ತಪ್ಪಿರಲಿಲ್ಲ. ಕಂಪ್ಯೂಟರು ಒಂದಿಷ್ಟು ಮಾತಾಡುತ್ತದೆ, ಆಮೇಲೆ ಬಹಳ ಹೊತ್ತು ಸುಮ್ಮನಿರುತ್ತದೆ. ಅದಕ್ಕಾಗಿ ಇಡೀ ಲೈನನ್ನು ಕಾದಿರಿಸುವುದು ದಂಡ. ಪ್ಯಾಕೆಟ್ಟು ಬಂದಾಗ ಕಳಿಸಿದರೆ ಸಾಕು, ಇಲ್ಲದಿದ್ದಾಗ ದಾರಿ ಬೇರೆಯವರಿಗೆ. 1969ರಲ್ಲಿ ಅಮೆರಿಕದಲ್ಲಿ ಆರ್ಪಾನೆಟ್ ಎಂಬ ಪ್ಯಾಕೆಟ್ ಜಾಲ ಶುರುವಾದಾಗ ಪ್ರತಿ ಸ್ವಿಚ್ಚಿನಲ್ಲೂ ಅದರದೇ ಒಂದು ಕ್ವಾರ್ಟ್ಜ್ ಹರಳು ಮಿಡಿಯುತ್ತಿತ್ತು. ಪಕ್ಕದವನ ಹರಳಿಗೆ ಹೊಂದಬೇಕೆಂಬ ಹಂಗಿರಲಿಲ್ಲ. ಅಗ್ಗದ ಹರಳು ಹತ್ತು ಲಕ್ಷಕ್ಕೆ ಐವತ್ತು ಪಾಲು ತಪ್ಪುವುದು ಮಾಮೂಲು. ದಿನಕ್ಕೆ ನಾಲ್ಕು ಸೆಕೆಂಡಿಗೂ ಮಿಗಿಲು. ಇ-ಮೇಲ್ ಕಳಿಸುವವನಿಗೆ ಅದರಿಂದ ಆಗುವುದೇನೂ ಇಲ್ಲ.

ಮೊದಲು ಬಿಸಿ ತಗುಲಿದ್ದು ದನಿ ಕಳಿಸಲು ಹೊರಟವರಿಗೆ. 1974ರಲ್ಲಿ ಡ್ಯಾನಿ ಕೋಹೆನ್ ಮತ್ತು ಗೆಳೆಯರು ಆರ್ಪಾನೆಟ್ಟಿನ ಮೇಲೆ ಮಾತಾಡಿ ತೋರಿಸಿದರು. ಒಂದು ಪ್ಯಾಕೆಟ್ಟು ಬೇಗ, ಇನ್ನೊಂದು ತಡವಾಗಿ ಬರುವುದರಿಂದ, ಬಂದದ್ದನ್ನು ತಕ್ಷಣ ನುಡಿಸದೆ ಸ್ವಲ್ಪ ಹೊತ್ತು ಕೂಡಿಟ್ಟುಕೊಂಡು ಸಮನಾಗಿ ಬಿಡುವ ಉಪಾಯ ಆಗಲೇ ಬಂತು. ನಿಮ್ಮ ಆ್ಯಪ್ ಪೀಪ್ ಅನ್ನು ತಡಮಾಡುವುದಕ್ಕೆ ಈ ಕೂಡಿಡುವಿಕೆಯೇ ಒಂದು ದೊಡ್ಡ ಕಾರಣ. ಆದರೂ ಕಳಿಸುವವನ ಹರಳು, ನುಡಿಸುವವನ ಹರಳು ಬೇರೆ ಬೇರೆ. ಐವತ್ತು ಪಾಲಿನ ವ್ಯತ್ಯಾಸವಿದ್ದರೆ ಗಂಟೆಗೆ 1440 ಅಳತೆಗಳು ಹೆಚ್ಚಾಗುತ್ತವೆ ಇಲ್ಲವೇ ಕಡಿಮೆ ಬೀಳುತ್ತವೆ. ಮನುಷ್ಯರ ಮಾತಿನಲ್ಲಿ ಉಸಿರು ತೆಗೆದುಕೊಳ್ಳುವ ಬಿಡುವುಗಳಿರುತ್ತವೆ, ಲೆಕ್ಕವನ್ನು ಅಲ್ಲಿ ಸರಿದೂಗಿಸಿಬಿಡಬಹುದು. ಸುಲಭವಾಗಿ ಪಾರಾದರು.

ಪಾರಾಗಲು ಒಪ್ಪದವನು ಡೇವಿಡ್ ಮಿಲ್ಸ್. ಗಡಿಯಾರ ಎಂದರೆ ಆತನಿಗೆ ಹುಚ್ಚು. ಆಗ ಅವನ ಕೈಯಲ್ಲಿದ್ದದ್ದು ‘ಫಜ್‌ಬಾಲ್’ ಎಂಬ ಸಾಫ್ಟ್‌ವೇರ್ ಓಡುವ ಸಣ್ಣ ಕಂಪ್ಯೂಟರುಗಳು. ಅವುಗಳಲ್ಲಿ ಕೆಲವು ಹೊತ್ತು ಎಣಿಸುತ್ತಿದ್ದದ್ದು ಗೋಡೆಯ ಪ್ಲಗ್ಗಿನಿಂದ ಬರುವ 60 ಹರ್ಟ್ಸ್ ವಿದ್ಯುತ್ತಿನ ಅಲೆಗಳನ್ನು ನೋಡಿಕೊಂಡು. ಊರಿನಲ್ಲಿ ಹೊರೆ ಹೆಚ್ಚಾದರೆ ಅಲೆ ನಿಧಾನ, ರಾತ್ರಿ ಚುರುಕು. ಜಾಲದ ಮೂಲಕ ದೂರದ ಗಡಿಯಾರಗಳನ್ನು ಹೋಲಿಸುತ್ತ ಕೂತರೆ ವಿದ್ಯುತ್ ಗ್ರಿಡ್ಡಿನ ಏರಿಳಿತವೇ ಕಾಣುತ್ತಿತ್ತಂತೆ. 1985ರ ಸೆಪ್ಟೆಂಬರಿನಲ್ಲಿ ಅವನ ‘ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್’ನ ಮೊದಲ ದಸ್ತಾವೇಜು ಹೊರಬಂತು. ಎನ್‌ಟಿಪಿ ಎಂದು ಎಲ್ಲರೂ ಕರೆಯುವುದು ಅದನ್ನೇ. ಇವತ್ತು ನಿಮ್ಮ ಲ್ಯಾಪ್‌ಟಾಪು ತಾನಾಗಿ ಗಂಟೆ ಸರಿಮಾಡಿಕೊಳ್ಳುವುದು ಬಹುಪಾಲು ಅದರಿಂದ.

ಅದರ ಲೆಕ್ಕವನ್ನು ಬಾಯಲ್ಲೇ ಹೇಳಬಹುದು, ಸ್ವಲ್ಪ ಕಿವಿಗೊಡಿ. ನನ್ನ ಗಡಿಯಾರದಲ್ಲಿ ಸೊನ್ನೆಯಾಗಿದ್ದಾಗ ಒಂದು ಪ್ಯಾಕೆಟ್ಟು ಕಳಿಸಿದೆ. ಆ ಕಡೆಯ ಯಂತ್ರ ತನ್ನ ಗಡಿಯಾರದಲ್ಲಿ 70 ಮಿಲಿಸೆಕೆಂಡು ಆಗಿದ್ದಾಗ ಅದು ಸಿಕ್ಕಿತು ಎಂದು ಬರೆದು, 71ಕ್ಕೆ ಮರಳಿ ಕಳಿಸಿತು. ನನಗೆ ಸಿಕ್ಕಾಗ ನನ್ನ ಗಡಿಯಾರದಲ್ಲಿ 41. ಹೋಗಿಬರಲು ಹಿಡಿದದ್ದು 41, ಅದರಲ್ಲಿ ಅಲ್ಲಿ ನಿಂತದ್ದು 1. ಉಳಿದ 40ರಲ್ಲಿ ಹೋಗಲು 20, ಬರಲು 20 ಎಂದಿಟ್ಟುಕೊಂಡರೆ, ನಾನು 20 ಎಂದುಕೊಂಡ ಹೊತ್ತಿಗೆ ಅಲ್ಲಿ 70. ಅಂದರೆ ನನ್ನದು 50 ಮಿಲಿಸೆಕೆಂಡು ಹಿಂದಿದೆ, ತಿದ್ದಿಕೊಳ್ಳಬೇಕು. ಇಷ್ಟೇ.

ಈ ‘ಇಷ್ಟೇ’ ಒಳಗೆ ಎರಡು ಕಂಟಕಗಳಿವೆ. ಮೊದಲನೆಯದು, ಸರದಿ ಕಾಯುವ ಹೊತ್ತು ಒಂದೊಂದು ಸಲ ಒಂದೊಂದು ಥರ. ಮಿಲ್ಸ್ ಇದಕ್ಕೆ ಸರಾಸರಿ ತೆಗೆಯುತ್ತ ಕೂರಲಿಲ್ಲ. ಮೈಸೂರಿನಿಂದ ಬೆಂಗಳೂರಿಗೆ ಬರುವ ಬಸ್ಸನ್ನು ನೆನೆದುಕೊಳ್ಳಿ. ಕೆಂಗೇರಿಯ ಟ್ರಾಫಿಕ್ಕು ಬಸ್ಸನ್ನು ತಡಮಾಡಬಲ್ಲದೇ ಹೊರತು, ಖಾಲಿ ರಸ್ತೆಗಿಂತ ಬೇಗ ತಲುಪಿಸಲಾರದು. ದಾರಿಯ ನಿಜವಾದ ಉದ್ದ ತಿಳಿಯಬೇಕಾದರೆ ಎಲ್ಲ ಬಸ್ಸುಗಳ ಸರಾಸರಿಗಿಂತ, ಎಲ್ಲಕ್ಕಿಂತ ಬೇಗ ಬಂದ ಒಂದು ಬಸ್ಸನ್ನು ನಂಬುವುದು ಮೇಲು. ಎನ್‌ಟಿಪಿ ತನ್ನ ಕೊನೆಯ ಎಂಟು ಅಳತೆಗಳನ್ನು ಮುಂದಿಟ್ಟುಕೊಂಡು, ಅತಿ ಕಡಿಮೆ ಹೊತ್ತಿನಲ್ಲಿ ಹೋಗಿಬಂದದ್ದನ್ನು ಆರಿಸಿಕೊಳ್ಳುತ್ತದೆ. ಈ ಕ್ಷೇತ್ರದವರು ಅಂಥದನ್ನು ‘ಲಕ್ಕಿ ಪ್ಯಾಕೆಟ್’ ಎನ್ನುತ್ತಾರೆ. ಮುಂದೆ ಬಂದ ಎಷ್ಟೋ ಪದ್ಧತಿಗಳ ಬೇರು ಇಲ್ಲಿದೆ ಎಂದು ನನ್ನ ಎಣಿಕೆ.

ಎರಡನೆಯ ಕಂಟಕಕ್ಕೆ ಇವತ್ತಿಗೂ ಮದ್ದಿಲ್ಲ. ಹೋಗಲು 30, ಬರಲು 10 ಆಗಿದ್ದರೆ? ಒಟ್ಟು ಆಗಲೂ 40. ಲೆಕ್ಕದಲ್ಲಿ ಯಾವ ಗುರುತೂ ಕಾಣದು, ಆದರೆ ಉತ್ತರ 10 ಮಿಲಿಸೆಕೆಂಡು ತಪ್ಪಾಗಿರುತ್ತದೆ. ಎರಡು ಗಡಿಯಾರಗಳ ನಡುವೆ ಎಷ್ಟೇ ಪ್ಯಾಕೆಟ್ಟು ಓಡಾಡಿಸಿದರೂ, ಎಂಥ ಗಣಿತ ಬಳಸಿದರೂ, ಈ ತಪ್ಪನ್ನು ಒಳಗಿನಿಂದಲೇ ಕಂಡುಹಿಡಿಯಲು ಆಗುವುದಿಲ್ಲ. ಇದಕ್ಕೆ ಆಮೇಲೆ ಬರುತ್ತೇನೆ.

ಮಿಲ್ಸ್‌ಗೆ ಚಿಕ್ಕಂದಿನಿಂದ ಗ್ಲಾಕೋಮಾ ಇತ್ತು, ಮುಪ್ಪಿನಲ್ಲಿ ದೃಷ್ಟಿ ಪೂರ್ತಿ ಹೋಯಿತು. ಡೆಲವೇರ್ ವಿಶ್ವವಿದ್ಯಾಲಯದ ಈ ಮೇಷ್ಟ್ರು 2024ರ ಜನವರಿಯಲ್ಲಿ, 85ರ ವಯಸ್ಸಿನಲ್ಲಿ ತೀರಿಕೊಂಡರು. ಏಕವಚನದಲ್ಲಿ ಶುರುಮಾಡಿ ಈಗ ಬಹುವಚನಕ್ಕೆ ಬಂದದ್ದನ್ನು ಕೇಳುಗರು ಮನ್ನಿಸಬೇಕು, ಅವರ ಬರಹ ಓದಿದ ಯಾರಿಗೂ ಈ ಸಲಿಗೆ ಬಂದುಬಿಡುತ್ತದೆ.

ಎನ್‌ಟಿಪಿ ಕೊಡುವುದು ಮಿಲಿಸೆಕೆಂಡಿನ ಹೊತ್ತು. ಟೆಲಿಫೋನ್ ಕಂಪನಿಗಳಿಗೆ ಬೇಕಾಗಿದ್ದದ್ದು ಬೇರೆ. 1990ರ ಸುಮಾರಿಗೆ ಅವರೂ ಪ್ಯಾಕೆಟ್ಟಿನತ್ತ ವಾಲಿದರು; ಎಟಿಎಂ ಎಂಬ ಪದ್ಧತಿ ಬಂತು. ಬ್ಯಾಂಕಿನ ಎಟಿಎಂ ಅಲ್ಲ, ದನಿ, ಚಿತ್ರ, ಅಂಕಿ ಎಲ್ಲವನ್ನೂ 53 ಬೈಟಿನ ಸಣ್ಣ ತುಂಡುಗಳಲ್ಲಿ ಸಾಗಿಸುವ ಜಾಲ. ಗಿರಾಕಿಯ ಹಳೆಯ ಲೈನನ್ನು ಈ ತುಂಡುಗಳಲ್ಲಿ ತುಂಬಿ, ಆ ಕಡೆ ತೆಗೆದಾಗ ಮೂಲದ ಮಿಡಿತವೇ ಬರಬೇಕು. ಇಲ್ಲಿ ಉಸಿರಿನ ಬಿಡುವುಗಳಿಲ್ಲ, ಒಂದು ಬಿಟ್ಟೂ ಬಿಡುವಂತಿಲ್ಲ. ಬೆಲ್‌ಕೋರ್ ಪ್ರಯೋಗಾಲಯದ ಉತ್ತರ ಹೀಗಿತ್ತು. ಎರಡೂ ತುದಿಗೆ ಜಾಲದ ಒಂದೇ ಗಡಿಯಾರ ಕಾಣುತ್ತದಲ್ಲ? ಗಿರಾಕಿಯ 3008 ಬಿಟ್ಟುಗಳು ಬರುವಷ್ಟರಲ್ಲಿ ಜಾಲದ ಗಡಿಯಾರ ಎಷ್ಟು ಸಲ ಮಿಡಿಯಿತು ಎಂದು ಎಣಿಸಿ. ಆ ಸಂಖ್ಯೆ ಹೆಚ್ಚುಕಡಿಮೆ ಎಷ್ಟಿರುತ್ತದೆ ಎಂಬುದು ಇಬ್ಬರಿಗೂ ಗೊತ್ತೇ ಇದೆ, ಬದಲಾಗುವುದು ಬಾಲ ಮಾತ್ರ. ಆ ಬಾಲವನ್ನು, ಬರೇ 4 ಬಿಟ್ಟುಗಳಲ್ಲಿ, ಕಳಿಸಿದರೆ ಸಾಕು. ಇಷ್ಟು ಜಿಪುಣತನದಲ್ಲಿ ಇಷ್ಟು ಕರಾರುವಾಕ್ಕಾದ ಕೆಲಸ ಈ ಇತಿಹಾಸದಲ್ಲಿ ಇನ್ನೊಂದಿಲ್ಲ. ದುರದೃಷ್ಟ ಎಂದರೆ ಎಟಿಎಂ ಜಾಲವೇ ಬಹಳ ಕಾಲ ಬಾಳಲಿಲ್ಲ. ಕಂಪ್ಯೂಟರುಗಳನ್ನು ಜೋಡಿಸುವ ಅಗ್ಗದ ಈಥರ್ನೆಟ್ಟು ಅದನ್ನು ನುಂಗಿತು. ಈಥರ್ನೆಟ್ಟಿನಲ್ಲಿ ಎರಡೂ ತುದಿಗೆ ಕಾಣುವ ಒಂದೇ ಗಡಿಯಾರ ಎಂಬುದೇ ಇರಲಿಲ್ಲ.

ಮೊಬೈಲ್ ಟವರುಗಳಿಗೆ ಸಂಕಟ ಬಂದದ್ದು ಆಗ. ಜಿಎಸ್‌ಎಂ ಟವರು ತನ್ನ ರೇಡಿಯೋ ಆವರ್ತನವನ್ನು ನೂರು ಕೋಟಿಗೆ 50 ಪಾಲಿನೊಳಗೆ ಹಿಡಿದಿಡಬೇಕು. ಕೈಗಡಿಯಾರ ಅಷ್ಟು ನಿಖರವಾಗಿದ್ದರೆ ವರ್ಷಕ್ಕೆ ತಪ್ಪುವುದು ಸುಮಾರು ಒಂದೂವರೆ ಸೆಕೆಂಡು ಮಾತ್ರ. ಈ ನಿಖರತೆಯನ್ನು ಟವರು ಎಲ್ಲಿಂದ ತರುತ್ತಿತ್ತು? ತನಗೆ ಬರುವ ಇ-1 ಲೈನಿನ ಮಿಡಿತದಿಂದ. ಯಾರೂ ಅದಕ್ಕೆಂದು ಬಿಲ್ ಕೊಟ್ಟಿರಲಿಲ್ಲ, ಲೈನಿನ ಜೊತೆ ಉಚಿತವಾಗಿ ಬರುತ್ತಿತ್ತು. ಹೊಸ ಶತಮಾನದ ಮೊದಲ ದಶಕದಲ್ಲಿ ಇಂಟರ್ನೆಟ್ಟಿನ ಹೊರೆ ಏರಿದಂತೆ ಇ-1 ಕಿತ್ತು ಈಥರ್ನೆಟ್ ಹಾಕಿದಾಗ ಮಿಡಿತವೂ ಹೋಯಿತು. ಕೆಟ್ಟದ್ದೇನೆಂದರೆ ಆ ದೋಷ ಟವರಿನಲ್ಲಿ ಕಾಣುವುದಿಲ್ಲ. ಟವರಿನಡಿ ನಿಂತು ಫೋನ್ ಮಾಡಿದರೆ ಎಲ್ಲ ಸರಿಯಾಗಿರುತ್ತದೆ. ಓಡುವ ಬಸ್ಸಿನಲ್ಲಿ ಕೂತವನ ಫೋನು ಒಂದು ಟವರಿನಿಂದ ಇನ್ನೊಂದಕ್ಕೆ ಜಿಗಿಯಲು ಹೋದಾಗ ಎರಡರ ಆವರ್ತನ ಹೊಂದದೆ ಕರೆ ಕಡಿದುಹೋಗುತ್ತದೆ.

ಮೊದಲ ಪರಿಹಾರ ಬರೀ ಪ್ಯಾಕೆಟ್ಟುಗಳು ಬರುವುದನ್ನು ನೋಡಿ ಮಿಡಿತವನ್ನು ಊಹಿಸುವುದು. ಕೂಡಿಟ್ಟ ರಾಶಿ ಬೆಳೆಯುತ್ತಿದ್ದರೆ ನನ್ನ ಗಡಿಯಾರ ನಿಧಾನ, ಕರಗುತ್ತಿದ್ದರೆ ಚುರುಕು. ಹೇಳಲು ಸುಲಭ. ತಂತಿಯ ಮೇಲೆ ಮಿಡಿತದ ತೊನೆದಾಟ ನ್ಯಾನೋಸೆಕೆಂಡುಗಳಲ್ಲಿ, ಪ್ಯಾಕೆಟ್ಟಿನಲ್ಲಿ ಅದು ಮಿಲಿಸೆಕೆಂಡುಗಳಲ್ಲಿ. ಹತ್ತು ಲಕ್ಷ ಪಟ್ಟು. ಇಂಥ ಗದ್ದಲದಿಂದ ಸಣ್ಣ ವ್ಯತ್ಯಾಸ ಹೆಕ್ಕಲು ಗಂಟೆಗಟ್ಟಲೆ ನೋಡುತ್ತ ಕೂರಬೇಕು, ಅಷ್ಟು ಹೊತ್ತು ಸ್ವಂತ ಹರಳು ಅಲುಗಬಾರದು. ಅದಕ್ಕೆ ಹರಳನ್ನು ಪುಟ್ಟ ಒಲೆಯೊಳಗಿಟ್ಟು ಒಂದೇ ಬಿಸಿಯಲ್ಲಿ ಕಾಪಾಡುತ್ತಾರೆ.

ಇಲ್ಲೊಂದು ವಿಚಿತ್ರ ಕಾಟವಿತ್ತು. ಎರಡು ಲೈನುಗಳ ಪ್ಯಾಕೆಟ್ಟುಗಳು ಒಂದೇ ಸ್ವಿಚ್ಚಿನ ಮೂಲಕ ಹಾಯುತ್ತಿವೆ ಎನ್ನಿ, ಎರಡೂ ಮಿಲಿಸೆಕೆಂಡಿಗೊಂದು. ಎರಡರ ಗಡಿಯಾರಗಳಲ್ಲಿ ಕೋಟಿಗೆ ಒಂದು ಪಾಲು ವ್ಯತ್ಯಾಸ. ಮೊದಲನೆಯದರ ಪ್ಯಾಕೆಟ್ಟು ಎರಡನೆಯದರ ಬೆನ್ನಿಗೇ ಬಂದು ಸ್ವಲ್ಪ ಕಾಯುತ್ತದೆ. ಮುಂದಿನದೂ ಹಾಗೆಯೇ, ಅದಕ್ಕಿಂತ ಎಳ್ಳಷ್ಟು ಕಡಿಮೆ ಕಾಯುತ್ತದೆ. ಕಾಯುವ ಹೊತ್ತು ಕರಗಿ ಕರಗಿ ಇಲ್ಲವಾಗುತ್ತದೆ, ಬಿಟ್ಟು ಮತ್ತೆ ಬರುತ್ತದೆ. ಒಂದು ಸುತ್ತಿಗೆ ಮೂರು ತಾಸಿಗೆ ಹತ್ತಿರ. ಪಡೆಯುವವನಿಗೆ ಈ ನಿಧಾನದ ತೂಗಾಟ ಗಡಿಯಾರವೇ ಜಾರುತ್ತಿರುವಂತೆ ಕಾಣುತ್ತದೆ. ಕಾಯುವ ಹಂತವಿರುವಷ್ಟು ಹೊತ್ತೂ ಸರದಿ ನಿಲ್ಲದ ಅದೃಷ್ಟದ ಪ್ಯಾಕೆಟ್ಟು ಒಂದೂ ಸಿಗುವುದಿಲ್ಲ. ಜಾಲದಲ್ಲಿ ಗದ್ದಲ ಹೆಚ್ಚಿದ್ದರೆ ಈ ಕಾಟ ಮಾಯ! ಅಚ್ಚುಕಟ್ಟಾದ, ಖಾಲಿಯಾದ ಜಾಲದಲ್ಲೇ ಗಡಿಯಾರ ಕೆಡುವುದನ್ನು ನಂಬಲು ಎಷ್ಟೋ ಮಂದಿಗೆ ಕಷ್ಟವಾಯಿತು.

ಊಹೆಯ ದಾರಿ ಇಷ್ಟೇ ಎಂದಾದ ಮೇಲೆ ಎರಡು ಹೊಸ ದಾರಿಗಳು ತೆರೆದವು. ಒಂದು, ಅನಿಶ್ಚಿತತೆಯನ್ನು ಅದು ಹುಟ್ಟುವ ಜಾಗದಲ್ಲೇ ಅಳೆಯುವುದು. ಅಮೆರಿಕದ ಅಜಿಲೆಂಟ್ ಕಂಪನಿಯ ಜಾನ್ ಐಡ್ಸನ್ ಅಳತೆಯ ಉಪಕರಣಗಳಿಗೆಂದು ಕಟ್ಟಿದ ಪದ್ಧತಿ 2002ರಲ್ಲಿ ಐಇಇಇ 1588 ಎಂಬ ಮಾನಕವಾಯಿತು. ಪಿಟಿಪಿ ಎಂದು ಬಳಕೆಯ ಹೆಸರು. ಲೆಕ್ಕ ಮಿಲ್ಸ್‌ರದೇ. ಆದರೆ ಹೊತ್ತನ್ನು ಬರೆಯುವುದು ಸಾಫ್ಟ್‌ವೇರ್ ಅಲ್ಲ, ಪ್ಯಾಕೆಟ್ಟು ತಂತಿಗೆ ಇಳಿಯುವ ಬಾಗಿಲಲ್ಲಿ ಕೂತ ಚಿಪ್ಪು. ಹೊರಟ ಕ್ಷಣ ನಿಖರವಾಗಿ ತಿಳಿಯುವುದು ಹೊರಟ ಮೇಲೇ ತಾನೆ? ಅದಕ್ಕೆ ಹಿಂದೆಯೇ ಇನ್ನೊಂದು ಪ್ಯಾಕೆಟ್ಟು ಬರುತ್ತದೆ: ‘ಈಗ ಬಂತಲ್ಲ, ಅದು ಹೊರಟದ್ದು ಇಷ್ಟು ಹೊತ್ತಿಗೆ’. 2008ರ ಆವೃತ್ತಿಯಲ್ಲಿ ಸ್ವಿಚ್ಚುಗಳೂ ಪ್ರಾಮಾಣಿಕವಾದವು. ‘ಈ ಪ್ಯಾಕೆಟ್ಟು ನನ್ನಲ್ಲಿ ಇಷ್ಟು ಹೊತ್ತು ನಿಂತಿತ್ತು’ ಎಂದು ಅದರ ಮೈಮೇಲೇ ಬರೆದು ಕಳಿಸತೊಡಗಿದವು.

ಇನ್ನೊಂದು ದಾರಿ ಹಳಬರದ್ದು. ಪ್ಯಾಕೆಟ್ಟು ಇರಲಿ ಬಿಡಲಿ, ಆಧುನಿಕ ಈಥರ್ನೆಟ್ಟಿನ ಫೈಬರಿನಲ್ಲಿ ಬೆಳಕು ಸದಾ ಮಿಡಿಯುತ್ತಲೇ ಇರುತ್ತದೆ. ಕಳಿಸಲು ಏನೂ ಇಲ್ಲದಿದ್ದಾಗ ಖಾಲಿ ಗುರುತುಗಳು ಓಡುತ್ತವೆ. ಆ ಮಿಡಿತ ಅಲ್ಲಿನ ಅಗ್ಗದ ಹರಳಿನದು, ಹತ್ತು ಲಕ್ಷಕ್ಕೆ ನೂರು ಪಾಲು ತಪ್ಪಲು ನಿಯಮವೇ ಬಿಟ್ಟಿತ್ತು. ಆ ಹರಳಿನ ಜಾಗಕ್ಕೆ ಮೇಲಿನ ಎಕ್ಸ್‌ಚೇಂಜಿನಿಂದ ಇಳಿದು ಬಂದ ಮಿಡಿತವನ್ನು ಕೂರಿಸಿದರೆ? 2006ರ ಸುಮಾರಿಗೆ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಇದನ್ನೇ ಮಾನಕ ಮಾಡತೊಡಗಿತು. ‘ಸಿಂಕ್ರೋನಸ್ ಈಥರ್ನೆಟ್’ ಎಂದು ಹೆಸರಾಯಿತು. ಮಾತಾಡಲು ಏನೂ ಇಲ್ಲದಿದ್ದರೂ ತಂತಿ ಮಿಡಿಯಬೇಕು ಎಂಬ ಹಳೆಯ ಶ್ರದ್ಧೆ, ಏಣಿಯ ಮೆಟ್ಟಿಲುಗಳ ಸಮೇತ, ಪ್ಯಾಕೆಟ್ಟಿನ ಕೆಳಗೆ ಬಂದು ಕೂತಿತು. ಹಳಬರು ಬದುಕಿದ್ದರೆ ‘ನಾವು ಹೇಳಿರಲಿಲ್ಲವೇ’ ಎನ್ನುತ್ತಿದ್ದರು. ಎಷ್ಟೋ ಮಂದಿ ಬದುಕೇ ಇದ್ದರು, ಹೇಳಿಯೂ ಹೇಳಿದರು.

ಸಿಂಕ್ರೋನಸ್ ಈಥರ್ನೆಟ್ಟಿನಿಂದ ಮಿಡಿತದ ವೇಗ ಸಿಕ್ಕಿತು, ಗಂಟೆ ಎಷ್ಟು ಎಂಬುದಲ್ಲ. ಹೊಸ ಮೊಬೈಲ್ ಜಾಲಗಳಿಗೆ ಗಂಟೆಯೂ ಬೇಕಾಯಿತು. ಭಾರತದಲ್ಲಿ 4ಜಿ ಮೊದಲು ಬಂದದ್ದು 2012ರ ಏಪ್ರಿಲಿನಲ್ಲಿ ಕೋಲ್ಕತ್ತಕ್ಕೆ, ಮೇ ತಿಂಗಳಲ್ಲಿ ಬೆಂಗಳೂರಿಗೆ. ಅದು ಹೋಗುವ ಮಾತಿಗೂ ಬರುವ ಮಾತಿಗೂ ಒಂದೇ ಆವರ್ತನ ಬಳಸಿ, ಸರದಿಯಲ್ಲಿ ಅದಲುಬದಲು ಮಾಡುವ ಜಾತಿಯದು. 2022ರ ಅಕ್ಟೋಬರಿನಲ್ಲಿ ಬಂದ 5ಜಿಯ ಮುಖ್ಯ ಆವರ್ತನ ಪಟ್ಟಿಯೂ ಹಾಗೆಯೇ. ಒಂದು ಟವರು ಕೂಗುತ್ತಿರುವಾಗ ಪಕ್ಕದ ಟವರು ಕಿವಿಗೊಟ್ಟಿದ್ದರೆ ಅದಕ್ಕೆ ತನ್ನ ಫೋನುಗಳ ಪಿಸುಮಾತು ಕೇಳುವುದಿಲ್ಲ. ಎಲ್ಲ ಟವರುಗಳೂ ಒಟ್ಟಿಗೆ ಕೂಗಿ ಒಟ್ಟಿಗೆ ಸುಮ್ಮನಾಗಬೇಕು. ಮಿತಿ, ಒಂದೂವರೆ ಮೈಕ್ರೋಸೆಕೆಂಡು. ಬೆಳಕು ಅಷ್ಟರಲ್ಲಿ ಹೋಗುವುದು 450 ಮೀಟರು.

ಟವರಿಗೊಂದು ಜಿಪಿಎಸ್ ಹಾಕಿ ಉಪಗ್ರಹದಿಂದ ಹೊತ್ತು ಪಡೆದರೆ ಮುಗಿಯಿತಲ್ಲ ಎನ್ನಬಹುದು. ಹಾಕಿಯೇ ಇದ್ದಾರೆ. ಆದರೆ 2007ರ ಜನವರಿಯಲ್ಲಿ ಸ್ಯಾನ್ ಡಿಯೇಗೊ ಬಂದರಿನಲ್ಲಿ ಅಮೆರಿಕದ ನೌಕಾಪಡೆ ತರಬೇತಿಗೆಂದು ಜಿಪಿಎಸ್ ಅನ್ನು ಅಡಗಿಸಿದಾಗ ಊರಿನ ಮೊಬೈಲು, ಪೇಜರುಗಳು ತತ್ತರಿಸಿದವು. 2016ರ ಜನವರಿ 26, ನಮಗೆ ಗಣರಾಜ್ಯೋತ್ಸವ. ಅಂದು ಒಂದು ಮುದಿ ಜಿಪಿಎಸ್ ಉಪಗ್ರಹವನ್ನು ನಿವೃತ್ತಿ ಮಾಡಿಸುವಾಗ ತಪ್ಪು ಅಂಕಿಯೊಂದು ಹಲವು ಉಪಗ್ರಹಗಳಿಗೆ ಸೇರಿ, ಹೊತ್ತು 13 ಮೈಕ್ರೋಸೆಕೆಂಡು ತಪ್ಪಿತು. ಹನ್ನೆರಡು ಗಂಟೆಗೂ ಮಿಕ್ಕಿ ಜಗತ್ತಿನ ಟೆಲಿಕಾಂ ಕೇಂದ್ರಗಳಲ್ಲಿ ಎಚ್ಚರಿಕೆಯ ಗಂಟೆಗಳು ಹೊಡೆದುಕೊಂಡವು. ಬ್ರಿಟನ್ನಿನ ಹಲವೆಡೆ ಡಿಜಿಟಲ್ ರೇಡಿಯೋ ಕೆಟ್ಟು ನಿಂತಿತು. ಆಕಾಶ ಒಂದನ್ನೇ ನಂಬುವಂತಿಲ್ಲ ಎಂದು ಗೊತ್ತಾಯಿತು.

ನಮ್ಮ ಮಟ್ಟಿಗೆ ಭಾರತೀಯ ಸಮಯದ ಒಡೆತನ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಜಿಪಿಎಸ್ ಹಾಗೆಯೇ ದಾರಿ ತೋರುವ ನಮ್ಮದೇ ನಾವಿಕ್ ಉಪಗ್ರಹಗಳ ಹೊತ್ತನ್ನು ಹಿಡಿದಿರುವ ಪರಮಾಣು ಗಡಿಯಾರಗಳಲ್ಲಿ ಒಂದು ತಂಡ ಬೆಂಗಳೂರಿನ ಹೊರಗೆ ಬ್ಯಾಲಾಳಿನಲ್ಲಿದೆ. ನಾವಿಕ್‌ನ ಮೊದಲ ಉಪಗ್ರಹದಲ್ಲಿ ಹೊರದೇಶದಿಂದ ತರಿಸಿದ ಮೂರೂ ರುಬಿಡಿಯಂ ಗಡಿಯಾರಗಳು ಕೈಕೊಟ್ಟವು. 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಲ್ಲಿ ಇಸ್ರೋ ತಾನೇ ಮಾಡಿದ ಗಡಿಯಾರ ಏರಿತು. ಅತ್ತ ಜಿನೀವಾದ ಸರ್ನ್ ಪ್ರಯೋಗಾಲಯದವರು ಸಿಂಕ್ರೋನಸ್ ಈಥರ್ನೆಟ್ಟನ್ನೂ ಪಿಟಿಪಿಯನ್ನೂ ಬೆಸೆದು ‘ವೈಟ್ ರ್‍ಯಾಬಿಟ್’ ಎಂಬ ಜಾಲ ಮಾಡಿ ಒಂದು ನ್ಯಾನೋಸೆಕೆಂಡಿಗಿಂತ ಕಡಿಮೆಗೆ ಇಳಿದರು. ಅದರ ಸಾರ 2019ರ 1588 ಮಾನಕದೊಳಗೆ ಸೇರಿತು.

ಆಗ ಬಿಟ್ಟಿದ್ದ ಎರಡನೆಯ ಕಂಟಕ, ಹೋಗುವ ಹೊತ್ತೂ ಬರುವ ಹೊತ್ತೂ ಸಮವಿಲ್ಲದಿರುವುದು, ಈಗಲೂ ಹಾಗೇ ನಿಂತಿದೆ. ಫೈಬರಿನಲ್ಲಿ ಬೆಳಕಿಗೆ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡು ಬೇಕು. ಹೋಗುವ ಎಳೆ ಬರುವ ಎಳೆಗಿಂತ 200 ಮೀಟರ್ ಉದ್ದವಾಗಿದ್ದರೆ ಗಡಿಯಾರ ಅರ್ಧ ಮೈಕ್ರೋಸೆಕೆಂಡು ತಪ್ಪುತ್ತದೆ, ಅಂದರೆ ಟವರಿಗಿರುವ ಮಿತಿಯ ಮೂರನೇ ಒಂದು ಪಾಲು ಅಲ್ಲೇ ಮುಗಿಯಿತು. ವೈಟ್ ರ್‍ಯಾಬಿಟ್‌ನವರು ಎರಡೂ ದಿಕ್ಕಿಗೆ ಒಂದೇ ಎಳೆ ಬಳಸಿ, ಎರಡು ಬಣ್ಣದ ಬೆಳಕು ಬಿಟ್ಟು ಇದರಿಂದ ತಪ್ಪಿಸಿಕೊಂಡರು. ನಮ್ಮ ಊರುಗಳಲ್ಲಿ ಜೆಸಿಬಿ ಒಂದು ಫೈಬರ್ ಕತ್ತರಿಸುತ್ತದೆ, ರಾತ್ರೋರಾತ್ರಿ ಯಾರೋ ಬೇರೆ ಎಳೆ ಹುಡುಕಿ ಜೋಡಿಸುತ್ತಾರೆ, ಇಂಟರ್ನೆಟ್ ಬಂತೆಂದು ಎಲ್ಲರೂ ಮಲಗುತ್ತಾರೆ. ಹೊತ್ತು ತಪ್ಪಿದ್ದು ಯಾವ ಪ್ಯಾಕೆಟ್ಟಿನಲ್ಲೂ ಬರೆದಿರುವುದಿಲ್ಲ. ಅದನ್ನು ಹಿಡಿಯಲು ಎಂಜಿನಿಯರು ರುಬಿಡಿಯಂ ಗಡಿಯಾರವಿರುವ ಒಂದು ಪೆಟ್ಟಿಗೆಯನ್ನು ಕೇಂದ್ರದಲ್ಲಿ ಹೊಂದಿಸಿಕೊಂಡು, ಬ್ಯಾಟರಿಯ ಮೇಲೆ ಓಡಿಸುತ್ತ, ಜೀಪಿನ ಸೀಟಿನ ಮೇಲಿಟ್ಟುಕೊಂಡು ಟವರಿನವರೆಗೆ ಹೋಗುತ್ತಾನೆ. ಅಲ್ಲಿ ಎರಡನ್ನೂ ಹೋಲಿಸಿ, ಬಂದ ವ್ಯತ್ಯಾಸವನ್ನು ನ್ಯಾನೋಸೆಕೆಂಡುಗಳಲ್ಲಿ ಕೈಯಾರೆ ಯಂತ್ರಕ್ಕೆ ತುಂಬುತ್ತಾನೆ.